ಎರಡು ಪಿನ್ನಿನ ತೇವಾಂಶ ಮೀಟರ್: ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಮರದ ತೇವ ನೋಡಲೆಂದು ಮಾರುವ ಅಗ್ಗದ ಮೀಟರ್‌ಗಳೆಲ್ಲ ನೋಡಲು ಹೆಚ್ಚು ಕಡಿಮೆ ಒಂದೇ ಥರ: ಅಂಗೈಯಲ್ಲಿ ಹಿಡಿಸುವ ಡಬ್ಬಿ, ತುದಿಯಲ್ಲಿ ಎರಡು ಚೂಪು ಪಿನ್ನು, ಶೇಕಡಾವಾರು ತೋರಿಸುವ ಪರದೆ, ಅಂಕಿಯನ್ನು ಹಿಡಿದು ನಿಲ್ಲಿಸುವ 'ಹೋಲ್ಡ್' ಬಟನ್. ಚುಚ್ಚಿದ ಕೂಡಲೇ ಉತ್ತರ ಸಿಗುತ್ತದೆ. ಆದರೆ ಈ ಸಾಧನ ನೀರನ್ನು ಅಳೆಯುವುದೇ ಇಲ್ಲ. ಅಳೆಯುವುದು ಪಿನ್ನುಗಳ ನಡುವಿನ ವಿದ್ಯುತ್ ರೋಧವನ್ನು. ಅದನ್ನೇ ತೇವಾಂಶದ ಲೆಕ್ಕಕ್ಕೆ ಬದಲಿಸಿ ತೋರಿಸುತ್ತದೆ. ಇದರ ಗುಣ, ದೋಷ ಎರಡೂ ಇಲ್ಲಿಂದಲೇ ಹುಟ್ಟುತ್ತವೆ.

ಪೂರ್ತಿ ಒಣಗಿದ ಮರಕ್ಕೂ ತಂತು ಸಂತೃಪ್ತ ಬಿಂದು ತಲುಪಿದ ಮರಕ್ಕೂ, ಅಂದರೆ ಜೀವಕೋಶದ ಗೋಡೆಗಳು ಹಿಡಿಯುವಷ್ಟೂ ನೀರು ಹೀರಿದ, ಸುಮಾರು 28-30 ಶೇಕಡಾ ತೇವದ ಮರಕ್ಕೂ, ರೋಧದಲ್ಲಿ ಕೋಟಿಗಟ್ಟಲೆ ಪಟ್ಟು ವ್ಯತ್ಯಾಸವಿದೆ. ಅದಕ್ಕೇ ನಡುವಿನ ಅಂತರದಲ್ಲಿ ಈ ಮೀಟರ್ ಚೆನ್ನಾಗಿ ಕೆಲಸ ಮಾಡುತ್ತದೆ. 7ಕ್ಕಿಂತ ಕೆಳಗೆ ರೋಧ ವಿಪರೀತ ಹೆಚ್ಚಿ ಅಗ್ಗದ ಸರ್ಕ್ಯೂಟ್‌ಗೆ ಹಿಡಿತಕ್ಕೇ ಸಿಗುವುದಿಲ್ಲ. 30 ದಾಟಿದ ಮೇಲೆ ಹೆಚ್ಚಾಗುವ ನೀರು ಜೀವಕೋಶದ ಟೊಳ್ಳಿನಲ್ಲಿ ನಿಲ್ಲುತ್ತದೆ, ರೋಧ ಅಷ್ಟಾಗಿ ಬದಲಾಗುವುದಿಲ್ಲ. ಡಬ್ಬಿಯ ಮೇಲೆ '5ರಿಂದ 60 ಶೇಕಡಾ' ಎಂದು ಅಚ್ಚು ಹಾಕಿದ್ದರೂ, ಪರದೆಯಲ್ಲಿ 45 ಬಂದರೆ 'ಮರ ಹಸಿಯಾಗಿದೆ' ಎಂದಷ್ಟೇ ಓದಿಕೊಳ್ಳಿ. 45ಕ್ಕೂ 55ಕ್ಕೂ ಅರ್ಥದಲ್ಲಿ ವ್ಯತ್ಯಾಸವಿಲ್ಲ.

ನಂಬಬಹುದಾದ ಈ ಅಂತರದಲ್ಲೂ ಎರಡು ತಿದ್ದುಪಡಿ ಬೇಕು. ಮೊದಲನೆಯದು ಮರದ ಜಾತಿ. ಬಹಳಷ್ಟು ಮೀಟರ್‌ಗಳ ಮೂಲ ಅಳತೆ ಡಗ್ಲಸ್ ಫರ್ ಎಂಬ ಸೂಚಿಪರ್ಣಿ ಮರದ್ದು. ತೇಗ, ಹೊನ್ನೆಯಂಥ ಮರಕ್ಕೆ ಅದೇ ಅಂಕಿ ಹೊಂದುವುದಿಲ್ಲ, ಕೈಪಿಡಿಯ ಪಟ್ಟಿ ನೋಡಿ ಕೂಡಿಸಬೇಕು ಇಲ್ಲವೇ ಕಳೆಯಬೇಕು. ಜಾತಿ ಪಟ್ಟಿಯೇ ಇಲ್ಲದ ಮಾದರಿಯನ್ನು ಕೊಳ್ಳಬೇಡಿ. ಎರಡನೆಯದು ಉಷ್ಣತೆ. ಅಳತೆ ಹೊಂದಿಸಿರುವುದು ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ. ಮರ ಬಿಸಿಯಾದಷ್ಟೂ ರೋಧ ಇಳಿಯುತ್ತದೆ, ಮೀಟರ್ ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ. ಪ್ರತಿ 10 ಡಿಗ್ರಿಗೆ ಸುಮಾರು 1 ಅಂಕಿ ಕಳೆದರೆ ದಿನನಿತ್ಯದ ಕೆಲಸಕ್ಕೆ ಸಾಕು. ಬಿಸಿಲಿಗೆ ಒಡ್ಡಿದ ಹಲಗೆಯನ್ನು ಅಲ್ಲೇ ಅಳೆಯುವವರು ಇದನ್ನು ಮರೆಯಲೇಬಾರದು. ಲೆಕ್ಕಕ್ಕೆ ಬೇಕಾದದ್ದು ಮರದ ಉಷ್ಣತೆಯೇ ಹೊರತು ಗಾಳಿಯದ್ದಲ್ಲ.

ಈ ಸಾಧನದ ದೊಡ್ಡ ಕೊರತೆ ಪಿನ್ನಿನ ಉದ್ದ. ಡಬ್ಬಿಗೇ ಅಂಟಿಕೊಂಡ ಗಿಡ್ಡ ಪಿನ್ನುಗಳು ಗಟ್ಟಿ ಮರದಲ್ಲಿ ಕೆಲವೇ ಮಿಲಿಮೀಟರ್ ಇಳಿಯುತ್ತವೆ. ಮರ ಒಣಗುವುದು ಹೊರಗಿನಿಂದ ಒಳಕ್ಕೆ. 50 ಮಿಲಿಮೀಟರ್ ದಪ್ಪದ ಹಲಗೆಯ ಮೈ 12 ತೋರಿಸುತ್ತಿರುವಾಗ ಒಡಲು 20ರ ಮೇಲಿರಬಹುದು. ಸರಾಸರಿ ತೇವ ಸಿಗಬೇಕಾದರೆ ಪಿನ್ನಿನ ತುದಿ ದಪ್ಪದ ಐದನೇ ಒಂದರಿಂದ ನಾಲ್ಕನೇ ಒಂದರಷ್ಟು ಆಳಕ್ಕೆ, ಈ ಹಲಗೆಯಲ್ಲಾದರೆ 10-12 ಮಿಲಿಮೀಟರ್ ಒಳಗೆ, ಹೋಗಬೇಕು. ಅದಕ್ಕೆ ಸುತ್ತಿಗೆಯಂತೆ ಜಾರಿ ಬಡಿಯುವ ತೂಕವಿರುವ ಬೇರೆ ಹಿಡಿಕೆ ಬರುತ್ತದೆ. ಅದರ ಪಿನ್ನಿಗೆ ತುದಿ ಬಿಟ್ಟು ಉಳಿದ ಮೈಗೆಲ್ಲ ವಿದ್ಯುತ್ ನಿರೋಧಕ ಲೇಪವಿರುತ್ತದೆ. ಲೇಪವಿಲ್ಲದ ಪಿನ್ನು ತಾನು ಮುಟ್ಟಿದ ಪದರಗಳಲ್ಲಿ ಅತಿ ಒದ್ದೆಯಾದದ್ದನ್ನೇ ಓದುತ್ತದೆ. ಮೇಲೆ ಇಬ್ಬನಿ ಕೂತಿದ್ದರೆ ಒಳಗೆ ಒಣಗಿದ ಹಲಗೆಗೂ 'ಹಸಿ' ಎಂಬ ತೀರ್ಪು. ಲೇಪವಿದ್ದರೆ ಪಿನ್ನನ್ನು ಹಂತಹಂತವಾಗಿ ಬಡಿಯುತ್ತಾ ಪ್ರತಿ ಆಳದ ಅಂಕಿಯನ್ನು ಬರೆದುಕೊಂಡು ಮೈಗೂ ಒಡಲಿಗೂ ಇರುವ ಅಂತರವನ್ನೇ ಕಾಣಬಹುದು. 25 ಮಿಲಿಮೀಟರ್‌ಗಿಂತ ದಪ್ಪದ ಮರ ಬಳಸುವವರು ಈ ಹಿಡಿಕೆ ಜೋಡಿಸಲು ಬರುವ ಮೀಟರನ್ನೇ ಕೊಳ್ಳಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಚುಚ್ಚುವಾಗ ಎರಡೂ ಪಿನ್ನು ಮರದ ಎಳೆಯ ದಿಕ್ಕಿನಲ್ಲೇ ಇರಲಿ. ಹಲಗೆಯ ತುದಿಯಿಂದ ಕನಿಷ್ಠ 30 ಸೆಂಟಿಮೀಟರ್ ಒಳಗೆ ಬನ್ನಿ, ಏಕೆಂದರೆ ಕತ್ತರಿಸಿದ ತುದಿ ಬೇಗ ಒಣಗುತ್ತದೆ. ಗಂಟು, ಬಿರುಕು ಬಿಟ್ಟು ಬೇರೆ ಕಡೆ ಚುಚ್ಚಿ.

ಮೀಟರ್ ಸರಿಯಿದೆಯೇ ಎಂದು ತಿಳಿಯಲು ಓವನ್ ಪರೀಕ್ಷೆಗಿಂತ ದೊಡ್ಡ ಸಾಕ್ಷಿಯಿಲ್ಲ. ಅಳೆದ ಜಾಗದ ಪಕ್ಕದಲ್ಲೇ ಹಲಗೆಯ ಅಡ್ಡಕ್ಕೆ ಸುಮಾರು 25 ಮಿಲಿಮೀಟರ್ ಅಗಲದ ಒಂದು ಪಟ್ಟಿ ಕುಯ್ದು, ಅಂಚಿನ ಸಿಬಿರು ತೆಗೆದು, ಆ ಕ್ಷಣವೇ 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. 103 ಡಿಗ್ರಿಯಲ್ಲಿ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. 86.4 ಗ್ರಾಂ ಇದ್ದದ್ದು 75.2ಕ್ಕೆ ನಿಂತಿತು ಎನ್ನೋಣ. ಹೋದ ನೀರು 11.2 ಗ್ರಾಂ, ಅದನ್ನು ಒಣತೂಕ 75.2ರಿಂದ ಭಾಗಿಸಬೇಕು, ಹಸಿತೂಕದಿಂದಲ್ಲ. ತೇವಾಂಶ 14.9 ಶೇಕಡಾ. ತಿದ್ದುಪಡಿ ಮಾಡಿದ ಮೀಟರ್ ಅಂಕಿ ಇದರಿಂದ 2ರೊಳಗೆ ಇದ್ದರೆ ಒಳ್ಳೆಯ ಸಾಧನವೇ. ಎಣ್ಣೆ, ರಾಳ ಹೆಚ್ಚಿರುವ ಮರದಲ್ಲಿ ನೀರಿನ ಜೊತೆ ಅವೂ ಆವಿಯಾಗುವುದರಿಂದ ಓವನ್ ಅಂಕಿಯೇ ತುಸು ಮೇಲಿರುತ್ತದೆ.

ಈ ಒಂದೆರಡು ಅಂಕಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ? ಖಂಡಿತ ಬೇಕು. ತೇಗ ಹಸಿಯಿಂದ ಪೂರ್ತಿ ಒಣಗುವವರೆಗೆ ವರ್ಷವಲಯದ ಗುಂಟ ಸುಮಾರು 5.8 ಶೇಕಡಾ ಕುಗ್ಗುತ್ತದೆ. ಹೆಚ್ಚು ಕುಗ್ಗುವ ಮರಗಳ ಮುಂದೆ ಇದು ತೀರಾ ಕಡಿಮೆ. ಆದರೂ 200 ಮಿಲಿಮೀಟರ್ ಅಗಲದ, ಚಪ್ಪಟೆಯಾಗಿ (ವರ್ಷವಲಯ ಅಗಲದ ಗುಂಟ ಬರುವಂತೆ) ಕುಯ್ದ ತೇಗದ ಹಲಗೆ 14ರಿಂದ 8ಕ್ಕೆ ಇಳಿದರೆ 2 ಮಿಲಿಮೀಟರ್‌ಗಿಂತ ಹೆಚ್ಚು ಕಿರಿದಾಗುತ್ತದೆ. ಬಾಗಿಲಿನ ಕೀಲು ಬಿಡಲು ಅಷ್ಟು ಸಾಕು. ಎಷ್ಟಕ್ಕೆ ಒಣಗಿಸಬೇಕು ಎಂಬುದನ್ನು ಮರ ಕೊನೆಗೆ ಇರಲಿರುವ ಜಾಗದ ಗಾಳಿ ತೀರ್ಮಾನಿಸುತ್ತದೆ: 20 ಡಿಗ್ರಿಯಲ್ಲಿ ಸಾಪೇಕ್ಷ ಆರ್ದ್ರತೆ 65 ಇದ್ದರೆ ಮರ ಸುಮಾರು 12ಕ್ಕೆ ನಿಲ್ಲುತ್ತದೆ, 50 ಇದ್ದರೆ 9ರ ಸುಮಾರಿಗೆ.

ಮರ ಲಡ್ಡು ಹಿಡಿಯುವುದನ್ನು, ಅಂದರೆ ಕೊಳೆಯುವುದನ್ನು, ತಡೆಯುವ ವಿಷಯದಲ್ಲಿ ಮೀಟರ್ ಬಹಳ ಉಪಯುಕ್ತ. ಮರ ತಿನ್ನುವ ಶಿಲೀಂಧ್ರ ಚುರುಕಾಗಿ ಬೆಳೆಯಲು ತಂತು ಸಂತೃಪ್ತ ಬಿಂದುವಿನ ಆಸುಪಾಸಿನ ತೇವ ಬೇಕು, ಹಾಗಾಗಿ 20ರ ಕೆಳಗೆ ಇಟ್ಟ ಮರ ಸುರಕ್ಷಿತ. ತೊಲೆಯ ಗೋಡೆಯೊಳಗಿನ ತುದಿ, ಕಿಟಕಿ ಚೌಕಟ್ಟಿನ ಕೆಳಪಟ್ಟಿ ಪದೇಪದೇ 25 ತೋರಿಸಿದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಲೇಬೇಕು. ಆದರೆ ಆಗಲೇ ಲಡ್ಡಾಗಿ ಮತ್ತೆ ಒಣಗಿದ ಮರಕ್ಕೂ ಮೀಟರ್ 13 ಎಂದೇ ಹೇಳುತ್ತದೆ. ಅಲ್ಲಿ ದಬ್ಬಳದ ತುದಿಯಿಂದ ಒಂದು ಸಿಬಿರು ಎಬ್ಬಿಸಿ ನೋಡಿ: ಗಟ್ಟಿ ಮರದ ಸಿಬಿರು ಉದ್ದಕ್ಕೆ ಎಳೆಯಾಗಿ ಏಳುತ್ತದೆ, ಲಡ್ಡಾದದ್ದು ಗಿಡ್ಡಕ್ಕೆ ಪಟಕ್ಕನೆ ಮುರಿಯುತ್ತದೆ.

ಬೋರಾಕ್ಸ್‌ನಂಥ ಲವಣದ ಸಂರಕ್ಷಕ ಹೀರಿಸಿದ ಮರದಲ್ಲಿ ಅಂಕಿ ನಿಜಕ್ಕಿಂತ ಮೇಲೆ ಬರುತ್ತದೆ, ಉಪ್ಪು ವಿದ್ಯುತ್ತಿಗೆ ದಾರಿ ಮಾಡಿಕೊಡುವುದರಿಂದ. ಅಲ್ಲಿ ಓವನ್ನೇ ಗತಿ. ಪಾಲಿಶ್ ಮಾಡಿದ ಪೀಠೋಪಕರಣಕ್ಕೆ ತೂತು ಬೇಡವೆಂದರೆ ಪಿನ್ ಇಲ್ಲದ, ಮೈಗೆ ಒತ್ತಿ ಹಿಡಿಯುವ ಮೀಟರ್ ಇದೆ. ಅದಕ್ಕೆ ಮರದ ಸಾಂದ್ರತೆಯನ್ನು ಸರಿಯಾಗಿ ಕೊಡಬೇಕು.

ಕೊಳ್ಳುವಾಗ ಬದಲಿ ಪಿನ್ನು ಸಿಗುತ್ತವೆಯೇ ಎಂದು ಮೊದಲೇ ಕೇಳಿ. ಗಟ್ಟಿ ಮರದಿಂದ ಪಿನ್ನನ್ನು ಅಲುಗಾಡಿಸಿ ಕೀಳಲು ಹೋದರೆ ಬುಡದಲ್ಲೇ ಮುರಿಯುತ್ತದೆ, ನೇರವಾಗಿಯೇ ಎಳೆಯಬೇಕು. ಲೇಪ ಸುಲಿದ ಪಿನ್ನು ಆಳದ ಅಳತೆಗೆ ಪ್ರಯೋಜನವಿಲ್ಲ, ಆಗಿಂದಾಗ್ಗೆ ಪರೀಕ್ಷಿಸಿ ಬದಲಾಯಿಸಿ.