ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಆಟೋಪೇ ಹಾಕಿದ್ದೀರಾ? ಎಷ್ಟು ಮೊತ್ತಕ್ಕೆ ಹಾಕಿದ್ದೀರಿ ಎಂದು ಇವತ್ತೇ ನೋಡಿ

ಪ್ರತಿ ತಿಂಗಳೂ ಗಡುವಿನ ದಿನಕ್ಕೆ ಸರಿಯಾಗಿ ಖಾತೆಯಿಂದ ಹಣ ಹೋಗಿದೆ. ಪಾವತಿ ಸಂದಿದೆ, ಧನ್ಯವಾದ ಎಂಬ ಮೆಸೇಜೂ ಬಂದಿದೆ. ತಡ ಶುಲ್ಕ ಒಂದು ಸಲವೂ ಬಿದ್ದಿಲ್ಲ. ಆರು ತಿಂಗಳಾದ ಮೇಲೆ ಯಾವುದೋ ಕಾರಣಕ್ಕೆ ಬಿಲ್ ತೆರೆದು ನೋಡಿದರೆ ಬಾಕಿ ಕರಗಿಯೇ ಇಲ್ಲ, ಕಟ್ಟಿದ್ದೆಲ್ಲ ಬಡ್ಡಿಗೇ ಹೋಗಿದೆ. ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಬ್ಯಾಂಕ್ ಖಾತೆಯಿಂದ ತಾನಾಗಿ ಕಟ್ಟುವ ಆಟೋಪೇ ನಂಬಿ ಕೂತವರು ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಇದರಲ್ಲಿ ಯಾರೂ ಮೋಸ ಮಾಡಿರುವುದಿಲ್ಲ. ನೋಂದಣಿ ಮಾಡುವಾಗ 'ಕನಿಷ್ಠ ಮೊತ್ತ' ಎಂಬ ಕಡೆ ಟಿಕ್ ಬಿದ್ದಿರುತ್ತದೆ, ಅಷ್ಟೇ.

ಆಟೋಪೇ ಹಾಕುವಾಗ ಸಾಮಾನ್ಯವಾಗಿ ಮೂರು ಆಯ್ಕೆ ಸಿಗುತ್ತವೆ: ಬಿಲ್ಲಿನ ಪೂರ್ತಿ ಮೊತ್ತ, ಮಿನಿಮಮ್ ಡ್ಯೂ ಎನ್ನುವ ಕನಿಷ್ಠ ಮೊತ್ತ, ಇಲ್ಲವೇ ನೀವೇ ಹೇಳಿದ ಒಂದು ನಿಗದಿತ ಮೊತ್ತ. ಕನಿಷ್ಠ ಮೊತ್ತ ಕಟ್ಟಿದರೆ ತಡ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ನಿಗದಿತ ಮೊತ್ತದಲ್ಲಿ ಇನ್ನೊಂದು ಗುಂಡಿ ಇದೆ: ಯಾವುದೋ ತಿಂಗಳು ಖರ್ಚು ಹೆಚ್ಚಾಗಿ ಕನಿಷ್ಠ ಮೊತ್ತವೇ ಅದನ್ನು ಮೀರಿದರೆ, ಹಣ ಹೋದರೂ ನೀವು ಕಟ್ಟದವರ ಲೆಕ್ಕಕ್ಕೇ ಸೇರುತ್ತೀರಿ.

ಕನಿಷ್ಠ ಮೊತ್ತದ ಪೆಟ್ಟು ಎಷ್ಟು ಜೋರು ಎಂದು ಒಂದು ಲೆಕ್ಕ ಹಾಕೋಣ. ತಿಂಗಳ 3ನೇ ತಾರೀಖು 60,000ಕ್ಕೆ ಒಂದು ಖರೀದಿ. ಬಿಲ್ ಆಗುವುದು 20ಕ್ಕೆ, ಗಡುವು ಮುಂದಿನ ತಿಂಗಳ 10. ಕನಿಷ್ಠ ಮೊತ್ತ 5%, ಅಂದರೆ 3,000. ಬಡ್ಡಿ ವರ್ಷಕ್ಕೆ 36% ಎಂದಿಟ್ಟುಕೊಳ್ಳಿ. 10ರಂದು ಆಟೋಪೇ 3,000 ಎಳೆದುಕೊಳ್ಳುತ್ತದೆ. ಮಿಕ್ಕ 57,000ಕ್ಕೆ 10ರಿಂದ ಬಡ್ಡಿ ಶುರು ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಆದರೆ ಪೂರ್ತಿ ಕಟ್ಟದಿದ್ದರೆ ಖರೀದಿಯಿಂದ ಗಡುವಿನವರೆಗೆ ಸಿಗುವ ಬಡ್ಡಿರಹಿತ ಅವಧಿಯೇ ರದ್ದಾಗಿ, ಖರೀದಿ ಮಾಡಿದ ದಿನದಿಂದಲೇ ಬಡ್ಡಿ ಎಣಿಸುವುದು ಬಹಳ ಕಾರ್ಡುಗಳ ಪದ್ಧತಿ. ಅಂದರೆ 60,000ಕ್ಕೆ 37 ದಿನದ ಬಡ್ಡಿ ಸುಮಾರು 2,190, ಆಮೇಲೆ 57,000ಕ್ಕೆ ಮುಂದಿನ ಬಿಲ್‌ವರೆಗಿನ 10 ದಿನಕ್ಕೆ ಸುಮಾರು 560. ಒಟ್ಟು 2,750. ಕಟ್ಟಿದ 3,000ದಲ್ಲಿ ಸಾಲ ಇಳಿದದ್ದು ಬರೀ 250!

ಇಷ್ಟಕ್ಕೇ ಮುಗಿಯುವುದಿಲ್ಲ. ಹಳೆಯ ಬಾಕಿ ಉಳಿದಿರುವಷ್ಟು ಕಾಲ ಹೊಸ ಖರೀದಿಗಳಿಗೂ ಮೊದಲ ದಿನದಿಂದಲೇ ಬಡ್ಡಿ. ಅದೇ ಕಾರ್ಡನ್ನು ದಿನಬಳಕೆಗೂ ಉಜ್ಜುತ್ತಿದ್ದರೆ ಪ್ರತಿಯೊಂದು ಸಣ್ಣ ಖರ್ಚೂ ಸಾಲದ ಖರ್ಚೇ. ಇದಕ್ಕೆಲ್ಲ ಮೆಸೇಜು ಬರುವುದಿಲ್ಲ, ಬರುವುದು ಧನ್ಯವಾದ ಮಾತ್ರ.

ಹಾಗಾದರೆ ಆಟೋಪೇ ಬೇಡ, ಕೈಯಾರೆ ಕಟ್ಟುತ್ತೇನೆ ಎನ್ನುವವರ ಪಾಡು ಬೇರೆ ಥರ. ಗಡುವಿನ ದಿನ ರಾತ್ರಿ ಆ್ಯಪ್‌ನಲ್ಲಿ ಕಟ್ಟುತ್ತಾರೆ, ಖಾತೆಯಿಂದ ಹಣ ಆ ಕ್ಷಣವೇ ಹೋಗುತ್ತದೆ, ಕಾರ್ಡಿಗೆ ಜಮೆಯಾಗುವುದು ಮಾತ್ರ ಕೆಲವೊಮ್ಮೆ ಒಂದೆರಡು ಕೆಲಸದ ದಿನ ಕಳೆದು. ಗಡುವಿಗೆ ಲೆಕ್ಕವಾಗುವುದು ಜಮೆಯಾದ ದಿನ. ನಡುವೆ ರಜೆ ಬಂದರೆ ಇನ್ನೂ ತಡ. ಕೆಲವು ಕಾರ್ಡುಗಳಿಗೆ ದಿನದಲ್ಲೂ ಒಂದು ಕೊನೆಯ ಗಂಟೆ ಇರುತ್ತದೆ, ಅದು ದಾಟಿದರೆ ಮರುದಿನದ ಲೆಕ್ಕ. ಕೈಯಾರೆ ಕಟ್ಟುವವರು ಗಡುವಿಗೆ 4–5 ದಿನ ಮೊದಲೇ ಮುಗಿಸಬೇಕು. ಅಪರೂಪಕ್ಕೆ ಬಳಸುವ ಕಾರ್ಡು ಇನ್ನೂ ಅಪಾಯ: ಖರ್ಚೇ ಮಾಡಿಲ್ಲ ಎಂದು ಬಿಲ್ ನೋಡುವುದಿಲ್ಲ, ಅಷ್ಟರಲ್ಲಿ ವಾರ್ಷಿಕ ಶುಲ್ಕ ಬಿದ್ದು, ಅದಕ್ಕೆ ತಡ ಶುಲ್ಕ, ಅದರ ಮೇಲೆ ಬಡ್ಡಿ.

ಎರಡೂ ಇರಲಿ ಎಂದು ಆಟೋಪೇಯನ್ನೂ ಬಿಟ್ಟುಕೊಂಡು ಕೈಯಾರೆಯೂ ಕಟ್ಟುವವರಿಗೆ ಕಾದಿರುವುದು ಡಬಲ್ ಪಾವತಿ. ಆಟೋಪೇ ಎಳೆಯುವ ಮೊತ್ತ ಹೆಚ್ಚಾಗಿ ಗಡುವಿಗೆ ಕೆಲವು ದಿನ ಮುಂಚೆಯೇ ನಿಗದಿಯಾಗಿ ಹೋಗಿರುತ್ತದೆ. ಎರಡು ದಿನ ಮೊದಲು ನೀವು ಪೂರ್ತಿ ಕಟ್ಟಿದರೂ ಅದು ತನ್ನ ಪಾಡಿಗೆ ಇನ್ನೊಮ್ಮೆ ಪೂರ್ತಿ ಎಳೆಯುತ್ತದೆ. ಹೆಚ್ಚುವರಿ ಹಣ ಕಾರ್ಡಿನಲ್ಲಿ ಜಮೆಯಾಗಿ ಉಳಿಯುತ್ತದೆ, ಕೇಳಿದರೆ ವಾಪಸ್ ಕೂಡ ಕೊಡುತ್ತಾರೆ, ಆದರೆ ಅಷ್ಟರಲ್ಲಿ ಉಳಿತಾಯ ಖಾತೆ ಬರಿದಾಗಿ ಮನೆ ಸಾಲದ ಕಂತು ಬೌನ್ಸ್ ಆಗಿದ್ದರೆ ಆ ದಂಡ ನಿಮ್ಮದೇ. ಮಧ್ಯೆ ಕಟ್ಟಿದ್ದನ್ನು ಕಳೆದು ಮಿಕ್ಕಿದ್ದನ್ನಷ್ಟೇ ಎಳೆಯುವ ಕಾರ್ಡುಗಳೂ ಇವೆ. ನಿಮ್ಮದು ಯಾವ ಜಾತಿ, ಯಾವ ದಿನದವರೆಗಿನ ಪಾವತಿಯನ್ನು ಕಳೆಯುತ್ತಾರೆ ಎಂದು ಬರಹದಲ್ಲೇ ಕೇಳಿ ತಿಳಿದುಕೊಳ್ಳಿ. ಫೋನಿನಲ್ಲಿ ಸಿಗುವ ಉತ್ತರ ಒಬ್ಬೊಬ್ಬರದು ಒಂದೊಂದು.

ವಾಪಸಾತಿಯ ಹಣದ್ದೂ ಇದೇ ಗೊಂದಲ. ಕೊಂಡ ವಸ್ತು ಹಿಂದಿರುಗಿಸಿದ್ದಕ್ಕೆ ರೀಫಂಡ್ ಬಂತು, ಬಿಲ್ ಅಷ್ಟಕ್ಕೆ ಸರಿಹೋಯಿತು ಎಂದು ಸುಮ್ಮನಾಗಬೇಡಿ. ಬಿಲ್ ಆದ ಮೇಲೆ ಗಡುವಿನೊಳಗೆ ಬಂದ ರೀಫಂಡನ್ನು ಆ ಬಿಲ್ಲಿನ ಬಾಕಿಗೆ ಹೊಂದಿಸಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2022ರಲ್ಲಿ ಬಂದಿದೆ, ಆದರೂ ಹೊಂದಿಕೆಯಾಗಿದೆಯೇ ಎಂದು ನೀವೇ ನೋಡಿಕೊಳ್ಳಿ.

ಆಟೋಪೇ ಸದ್ದಿಲ್ಲದೆ ಕೈಕೊಡುವ ಸಂದರ್ಭಗಳನ್ನು ಇನ್ನಷ್ಟು ಗಮನಿಸಿ. ನೋಂದಾಯಿಸಿದ ತಿಂಗಳ ಬಿಲ್ ಆಗಲೇ ತಯಾರಾಗಿದ್ದರೆ ಅದಕ್ಕೆ ಆಟೋಪೇ ಹೆಚ್ಚಾಗಿ ಅನ್ವಯಿಸುವುದಿಲ್ಲ, ಮುಂದಿನ ಬಿಲ್‌ನಿಂದಷ್ಟೇ. ಮೊದಲ ತಿಂಗಳೇ ತಡ ಶುಲ್ಕ ತಿನ್ನುವವರು ಇದರಿಂದಲೇ ತಿನ್ನುವುದು. ಕಾರ್ಡು ಕಳೆದು ಹೊಸ ನಂಬರಿನದು ಬಂದಾಗ, ಬೇರೆ ದರ್ಜೆಯ ಕಾರ್ಡಿಗೆ ಬದಲಾದಾಗ, ಬ್ಯಾಂಕ್ ಖಾತೆ ಬದಲಿಸಿದಾಗ ಹಳೆಯ ಆಟೋಪೇ ತಾನಾಗಿ ಹಿಂದೆ ಬರುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಅನುಮತಿ ಕೊಡುವಾಗ ಗರಿಷ್ಠ ಮಿತಿ ಹಾಕಿದ್ದರೆ, ಬಿಲ್ ಅದನ್ನು ಮೀರಿದ ತಿಂಗಳು ಮಿತಿಯಷ್ಟಾದರೂ ಹೋಗುತ್ತದೆ ಎಂದುಕೊಳ್ಳುವುದೂ ತಪ್ಪು, ಇಡೀ ಪಾವತಿಯೇ ತಿರಸ್ಕೃತವಾಗಬಹುದು. ಖಾತೆಯಲ್ಲಿ ಹಣ ಸಾಲದಿದ್ದರೂ ಅಷ್ಟೇ: ಬ್ಯಾಂಕಿನ ಬೌನ್ಸ್ ಶುಲ್ಕ ಒಂದು, ಕಾರ್ಡಿನ ಕಡೆಯಿಂದ ಇನ್ನೊಂದು, ಮೇಲೆ ತಡ ಶುಲ್ಕ. ಎರಡನೇ ಸಲ ಎಳೆದು ನೋಡುತ್ತಾರೆ ಎಂಬ ಖಾತ್ರಿ ಇಲ್ಲ.

ಅಂದಹಾಗೆ, ಆಟೋಪೇ ಎಂಬ ಒಂದೇ ಹೆಸರಲ್ಲಿ ಎರಡು ಬೇರೆ ವಿಷಯಗಳಿವೆ. ಕಾರ್ಡಿನಿಂದ ಚಂದಾ, ಫೋನ್ ಬಿಲ್ ತಾನಾಗಿ ಹೋಗುವುದು ಒಂದು, ಬ್ಯಾಂಕ್ ಖಾತೆಯಿಂದ ಕಾರ್ಡಿನ ಬಿಲ್ ಹೋಗುವುದು ಇನ್ನೊಂದು. ಚಂದಾ ನಿಲ್ಲಿಸಲು ಹೋಗಿ ಬಿಲ್ಲಿನದನ್ನು ನಿಲ್ಲಿಸಿದರೆ ಗೊತ್ತಾಗುವುದು ದಂಡ ಬಿದ್ದ ಮೇಲೆ.

ತಿಂಗಳಿಗೆ ಇಂತಿಷ್ಟು ಎಂದು ಖಚಿತ ಆದಾಯವಿದ್ದು ಖಾತೆಯಲ್ಲಿ ಬಿಲ್ಲಿಗಿಂತ ಹೆಚ್ಚು ಹಣ ಇರುವವರಿಗೆ ಪೂರ್ತಿ ಮೊತ್ತದ ಆಟೋಪೇಯೇ ಸರಿ, ಎರಡನೇ ಮಾತಿಲ್ಲ. ಆದರೂ ಬಿಲ್ ಬಂದ ದಿನ ಹತ್ತು ನಿಮಿಷ ಕೂತು ಸಾಲು ಸಾಲಾಗಿ ಓದಿ. ನಿಮ್ಮದಲ್ಲದ ಖರ್ಚಿಗೆ ತಕರಾರು ಹಾಕಲು ದಿನಗಳ ಮಿತಿ ಇರುತ್ತದೆ, ಆಟೋಪೇ ಇದ್ದವರು ಅದನ್ನು ದಾಟಿಸಿಬಿಡುವುದೇ ಹೆಚ್ಚು. ಆದಾಯ ಏರಿಳಿತದ್ದಾದರೆ ಕನಿಷ್ಠ ಮೊತ್ತಕ್ಕೆ ಆಟೋಪೇ ಇಟ್ಟು, ಮಿಕ್ಕಿದ್ದನ್ನು ಗಡುವಿನೊಳಗೆ ಕೈಯಾರೆ ಕಟ್ಟಬಹುದು. ಆದರೆ ಆ ಕೈಯಾರೆ ಕಟ್ಟುವ ದಿನಕ್ಕೆ ಫೋನಿನಲ್ಲಿ ಅಲಾರಂ ಇಡದಿದ್ದರೆ ಮೇಲಿನ 60,000ದ ಲೆಕ್ಕಕ್ಕೇ ಬಂದು ನಿಲ್ಲುತ್ತೀರಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಬಿಲ್ಲಿನಲ್ಲಿರುವ ಅಂಕಿಯನ್ನಷ್ಟೇ ಕಟ್ಟಿ ಕೈತೊಳೆದುಕೊಳ್ಳಬೇಡಿ. ಬಿಲ್ ಆದ ದಿನದಿಂದ ನೀವು ಕಟ್ಟುವ ದಿನದವರೆಗಿನ ಬಡ್ಡಿ ಅದರಲ್ಲಿ ಸೇರಿರುವುದಿಲ್ಲ. ಇವತ್ತಿನ ತಾರೀಖಿಗೆ ಬಡ್ಡಿ ಸೇರಿ ಒಟ್ಟು ಎಷ್ಟು ಎಂದು ಕೇಳಿ ಅಷ್ಟನ್ನು ಕಟ್ಟಿ. ಮುಂದಿನ ಬಿಲ್ಲಿನಲ್ಲಿ ಚೂರು ಬಡ್ಡಿ ಬಾಲದಂತೆ ಬರಬಹುದು, ಅದನ್ನೂ ಪೂರ್ತಿ ಕಟ್ಟುವವರೆಗೆ ಆ ಕಾರ್ಡಿನಲ್ಲಿ ಹೊಸ ಖರೀದಿ ಬೇಡ. ಆಯ್ಕೆಯನ್ನು ಪೂರ್ತಿ ಮೊತ್ತಕ್ಕೆ ಬದಲಿಸಿದ ಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಬದಲಾವಣೆ ಜಾರಿಗೆ ಬರುವುದು ಸಾಮಾನ್ಯವಾಗಿ ಮುಂದಿನ ಬಿಲ್‌ನಿಂದ, ಹಾಗಾಗಿ ಈ ತಿಂಗಳದ್ದನ್ನು ಕೈಯಾರೆಯೇ ಕಟ್ಟಬೇಕು.