ತುಮಕೂರಿನ ಒಂದು ಹಿರಿಯರ ಮನೆ: ದಸರಾದಿಂದ ಕಾರ್ತಿಕದವರೆಗೆ ಹೇಗಿರುತ್ತೆ

ಹಿರಿಯರ ಮನೆ ಹುಡುಕುವವರು ಮೊದಲು ಕೇಳೋದು ಊಟ ಹೇಗೆ, ರಾತ್ರಿ ನರ್ಸ್ ಇರ್ತಾರಾ, ಡಿಪಾಸಿಟ್ ಎಷ್ಟು. ಕೇಳಲೇಬೇಕು. ಆದರೆ ಇನ್ನೊಂದನ್ನೂ ಕೇಳಿ: ಅಲ್ಲಿರುವವರ ಕೈಗೆ ಏನಾದರೂ ಕೆಲಸ ಸಿಗುತ್ತಾ, ಇಲ್ಲ ದಿನವಿಡೀ ಟಿವಿ ಮುಂದೆ ಕೂತಿರಬೇಕಾ?

ನಮ್ಮಮ್ಮ ಇರೋದು ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗುವ ಕಡೆ ಇರುವ ಒಂದು ಸೀನಿಯರ್ ಲಿವಿಂಗ್‌ನಲ್ಲಿ. ದೂರುಗಳೂ ಇರೋದರಿಂದ ಹೆಸರು ಹಾಕುತ್ತಿಲ್ಲ. ಮಹಾನವಮಿಯಿಂದ ಕಾರ್ತಿಕದವರೆಗೆ ಅಲ್ಲಿ ಏನೇನು ನಡೆಯುತ್ತೆ ಅನ್ನೋದನ್ನಷ್ಟೇ ಬರೆಯುತ್ತೇನೆ, ಯಾಕಂದ್ರೆ ಆ ಜಾಗದ ಒಳ್ಳೇದು ಕೆಟ್ಟದ್ದು ಎರಡೂ ಚೆನ್ನಾಗಿ ಕಾಣೋದು ಆಗಲೇ.

ಕೆಟ್ಟದ್ದು ಮೊದಲು. ಅಕ್ಟೋಬರ್ 1 ಹಿರಿಯರ ದಿನ, 1990ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಆವತ್ತು ಶಾಮಿಯಾನ, ಮೈಸೂರು ಪೇಟ, ಶಾಲು, ಭಾಷಣದ ಮೇಲೆ ಭಾಷಣ. ಸಕ್ಕರೆ ಕಾಯಿಲೆ ಇರುವವರನ್ನೂ ಊಟದ ಹೊತ್ತು ಮೀರುವವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಫೋಟೋ ತೆಗೆದಿದ್ದೇ ತೆಗೆದಿದ್ದು. ಅಮ್ಮನಿಗೆ ಅದರಲ್ಲಿ ಒಂದು ಮಾತೂ ನೆನಪಿಲ್ಲ, ಸೊಂಟ ನೋವು ಬಂದಿದ್ದು ಮಾತ್ರ ನೆನಪಿದೆ.

ಅದೇ ಜನ ನವರಾತ್ರಿಯಲ್ಲಿ ಬೇರೆಯದೇ ಥರ ನಡೆದುಕೊಂಡರು. ಬೊಂಬೆ ಕೂರಿಸೋಕೆ ಹೊರಗಿನಿಂದ ಯಾರನ್ನೂ ಕರೆಸಲಿಲ್ಲ. ಪಟ್ಟದ ಗೊಂಬೆ ಒಬ್ಬರು ಮನೆಯಿಂದ ತರಿಸಿದರು, ಚನ್ನಪಟ್ಟಣದ ಬೊಂಬೆಗಳು ಇನ್ನೊಬ್ಬರವು. ಮೆಟ್ಟಿಲುಗಳನ್ನು ತಗ್ಗಾಗಿ ಕಟ್ಟಿದ್ದರು, ವೀಲ್‌ಚೇರ್‌ನಲ್ಲಿ ಕೂತವರ ಕೈಗೂ ಎಟುಕುವ ಹಾಗೆ. ಅದು ನನಗೆ ತುಂಬಾ ಹಿಡಿಸಿತು. ಸಂಜೆ ಪಕ್ಕದ ಬೀದಿ ಮಕ್ಕಳು "ಬೊಂಬೆ ಕೂರಿಸಿದೀರಾ?" ಅಂತ ಬಂದರೆ ಕೊಡೋಕೆ ಬೊಂಬೆ ಬಾಗಿನ ಬೇಕಲ್ವಾ, ಅದನ್ನು ಕಟ್ಟುವ ಕೆಲಸ ಅಜ್ಜಿಯರದ್ದು. ತಿಪಟೂರು ಕಡೆಯವರೊಬ್ಬರು ಕೊಬ್ಬರಿ ತುರಿಯೋಕೆ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ದಿನಕ್ಕೊಂದು ಉಸಲಿ, ಹಲ್ಲಿಲ್ಲದವರಿಗೆ ಚೆನ್ನಾಗಿ ಬೇಯಿಸಿ. ಅಡುಗೆಯವಳು "ಅಜ್ಜಿ, ಉಪ್ಪು ಸಾಕಾ ನೋಡಿ" ಅಂತ ಪಾತ್ರೆ ಹಿಡಿದು ಬರುತ್ತಿದ್ದಳು. ಸುಮ್ನೆ ಮರ್ಯಾದೆಗೆ ಅಲ್ಲ, ಸಾಲದು ಅಂದರೆ ಇನ್ನೊಂದು ಚಿಟಿಕೆ ಹಾಕುತ್ತಿದ್ದಳು. ವಿಜಯದಶಮಿ ದಿನ ಟಿವಿಯಲ್ಲಿ ಜಂಬೂ ಸವಾರಿ ನೋಡುವಾಗ ಒಬ್ಬ ರಿಟೈರ್ಡ್ ಮೇಷ್ಟ್ರು, ಅಂಬಾರಿಯಲ್ಲಿ ಜಯಚಾಮರಾಜ ಒಡೆಯರ್ ಅವರೇ ಕೂತಿದ್ದನ್ನು ಹುಡುಗನಾಗಿದ್ದಾಗ ಅಪ್ಪನ ಹೆಗಲ ಮೇಲಿಂದ ನೋಡಿದ್ದನ್ನು ಹೇಳಿದರು. ಅಲ್ಲಿದ್ದ ಕೆಲಸದ ಹುಡುಗರು ಟಿವಿ ಬಿಟ್ಟು ಅವರ ಕಡೆ ತಿರುಗಿ ಕೂತರು.

ಆದರೆ ನಾನು ಇದನ್ನೆಲ್ಲ ಬರೆಯೋಕೆ ಕೂತಿದ್ದು ಕಡಲೆಕಾಯಿಯಿಂದ. ಪಾವಗಡ, ಶಿರಾ, ಮಧುಗಿರಿ ಕಡೆ ಕಡಲೆಕಾಯಿ ಕೀಳೋದು ಈ ಹೊತ್ತಿಗೇ. ಒಂದು ಬೆಳಗ್ಗೆ ಗಿಡದ ಸಮೇತ ಒಂದು ಆಟೋ ತುಂಬ ತಂದು ಅಂಗಳದಲ್ಲಿ ಸುರಿದರು. ನಮ್ಮಮ್ಮ ಶಿರಾ ಕಡೆಯ ಹಳ್ಳಿಯವಳು. ಮಂಡಿ ನೋವು ಅಂತ ರೂಮು ಬಿಟ್ಟು ಬರದಿದ್ದವಳು ಸ್ಟೂಲ್ ಹಾಕಿಸಿಕೊಂಡು ಕೂತಳು. ಗಿಡವನ್ನು ಬುಡ ಮೇಲೆ ಮಾಡಿ ಎಡಗೈಲಿ ಹಿಡಿದು, ಬಲಗೈಲಿ ಕಾಯಿ ಸೆಳೆದು ಮಣ್ಣು ಉದುರಿಸುತ್ತಾ ಹೋದಳು. ನಡುನಡುವೆ ಒಂದು ಕಾಯಿಯ ಮೂತಿಯನ್ನು ಹೆಬ್ಬೆರಳಲ್ಲಿ ಅಮುಕಿ ಪಟ್ ಅಂತ ಒಡೆದು ಒಳಗೆ ನೋಡುತ್ತಿದ್ದಳು. ಸಿಪ್ಪೆಯ ಒಳಮೈ ಕಪ್ಪಾಗಿದ್ದರೆ ಬಲಿತಿದೆ ಅಂತ, ಬೆಳ್ಳಗಿದ್ದರೆ ಇನ್ನೂ ಎಳಸು. ಬಲಿತ ಮೇಲೆ ಚಿತ್ತೆ, ಸ್ವಾತಿ ಮಳೆ ಹಿಡಿದುಬಿಟ್ಟರೆ ಕಾಯಿ ಭೂಮಿಯಲ್ಲೇ ಮೊಳಕೆ ಒಡೆಯುತ್ತೆ, ಅದಕ್ಕೇ ರಾತ್ರಿಯೆಲ್ಲ ಆಕಾಶ ನೋಡ್ತಿದ್ವಿ ಅಂದಳು. ಪಕ್ಕದಲ್ಲಿದ್ದ ಅಜ್ಜಿಗೆ ಮರೆವಿನ ಕಾಯಿಲೆ, ಮಗಳ ಹೆಸರೂ ತಪ್ಪುತ್ತೆ. ಅವರೂ ಅಮ್ಮನಿಗಿಂತ ಬೇಗ ಬಿಡಿಸುತ್ತಿದ್ದರು, ಕೂಲಿಗೆ ಕಾಯಿಯನ್ನೇ ಸೇರಲ್ಲಿ ಅಳೆದು ಕೊಡುತ್ತಿದ್ದ ಕಾಲದ ಲೆಕ್ಕವನ್ನು ಒಂದೇ ಸಮನೆ ಹೇಳುತ್ತಾ. ಸಂಜೆ ಉಪ್ಪು ಹಾಕಿ ಬೇಯಿಸಿದರು, ಬಿಪಿ ಇರುವವರಿಗೆ ಉಪ್ಪಿಲ್ಲದ್ದು ಬೇರೆ ಪಾತ್ರೆಯಲ್ಲಿ. ಇಂಥ ಒಂದು ದಿನಕ್ಕೆ ಹತ್ತು ಶಾಲು ಹೊದಿಸೋದು ಸಮ ಅಲ್ಲ.

ಆಮೇಲೆ ದೇವರಾಯನದುರ್ಗಕ್ಕೆ ವ್ಯಾನ್‌ನಲ್ಲಿ ಒಂದು ಪ್ರವಾಸ. ದಾರಿಯುದ್ದಕ್ಕೂ ರಾಗಿ ಹೊಲದ ಸಾಲುಗಳ ನಡುವೆ ಹುಚ್ಚೆಳ್ಳು ಹಳದಿ ಹೂ ಬಿಟ್ಟಿತ್ತು, ಎಲ್ಲರೂ ಕಿಟಕಿ ಕಡೆಗೇ. ಬೆಟ್ಟದ ತುದಿಯ ಯೋಗನರಸಿಂಹನ ಗುಡಿಗೆ ಮೆಟ್ಟಿಲು ಜಾಸ್ತಿ, ಅದು ಬೇಡ ಅಂತ ಕೆಳಗಿನ ಭೋಗನರಸಿಂಹನ ದರ್ಶನ ಮಾಡಿಸಿ, ನಾಮದ ಚಿಲುಮೆಯಲ್ಲಿ ನೆರಳಿಗೆ ಕೂರಿಸಿ ಚಿತ್ರಾನ್ನ ಕೊಟ್ಟರು. ಸರಿಯಾದ ತೀರ್ಮಾನ. ಸರಿಯಿಲ್ಲದ್ದು ಅಂದರೆ, ವ್ಯಾನ್ ಖರ್ಚು ಮುಂಚೆ ಹೇಳದೆ ತಿಂಗಳ ಬಿಲ್ಲಿಗೆ ಸೇರಿಸಿದ್ದು. ಕೇಳಿದ ಮೇಲೆ ವಿವರ ಕೊಟ್ಟರು, ಆದರೆ ಕೇಳುವ ಪರಿಸ್ಥಿತಿಯೇ ಬರಬಾರದಿತ್ತು.

ಇನ್ನೊಂದು ದೊಡ್ಡ ದೂರು ಬಿಸಿನೀರಿನದು. ಎಲ್ಲ ಸೋಲಾರ್. ಹಿಂಗಾರು ಮೋಡ ಕವಿದರೆ ಎರಡನೇ ದಿನಕ್ಕೇ ನೀರು ಉಗುರುಬೆಚ್ಚಗೂ ಇರಲ್ಲ, ಬೆಳಗಿನ ಚಳಿಯಲ್ಲಿ ವಯಸ್ಸಾದವರು ಏನು ಮಾಡಬೇಕು? ನೀರು ತುಂಬುವ ಹಬ್ಬಕ್ಕೆ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು ಸೌದೆ ಒಲೆ ಹಚ್ಚಿದರು, ನರಕ ಚತುರ್ದಶಿ ದಿನ ಎಲ್ಲರಿಗೂ ಸುಡುಸುಡು ನೀರಲ್ಲಿ ಎಣ್ಣೆಸ್ನಾನ. ಆ ಒಲೆಯನ್ನು ಮೋಡದ ದಿನಗಳಲ್ಲೂ ಹಚ್ಚಿ ಅಂತ ಬರೆದು ಕೊಟ್ಟಿದ್ದೇನೆ. ಈಗ ಹಚ್ಚುತ್ತಿದ್ದಾರೆ, ಆದರೆ ದಿನಾ ಅಲ್ಲ. ಮಳೆ ಬಂದಾಗ ಅಂಗಳದ ಟೈಲ್ಸ್ ಜಾರುತ್ತೆ, ಇಳಿಜಾರಿನಲ್ಲಿ ಹಿಡಿಕಂಬಿ ಒಂದೇ ಕಡೆ ಇದೆ. ಇದನ್ನು ತಕ್ಷಣ ಸರಿಮಾಡಬೇಕು.

ಒಂದು ಒಳ್ಳೇ ಕೆಲಸ, ನೋಟಿಸ್ ಬೋರ್ಡಲ್ಲಿ ಹಿರಿಯರ ಸಹಾಯವಾಣಿ 14567 ಅನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಕರೆ ಉಚಿತ. ದೂರು ಕೊಡುವ ನಂಬರನ್ನು ತಾವೇ ಗೋಡೆ ಮೇಲೆ ಹಾಕುವವರ ಮೇಲೆ ನನಗೆ ಸ್ವಲ್ಪ ನಂಬಿಕೆ ಜಾಸ್ತಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ನೋಡೋಕೆ ಹೋಗುವವರು ಹಬ್ಬದ ದಿನ ಹೋಗಬೇಡಿ, ಅವತ್ತು ಎಲ್ಲ ಚೆನ್ನಾಗೇ ಕಾಣುತ್ತೆ. ಅಕ್ಟೋಬರ್‌ನಲ್ಲಿ ಮೋಡ ಕವಿದ ಒಂದು ವಾರದ ದಿನ, ಬೆಳಗ್ಗೆ ಏಳಕ್ಕೆ ಹೋಗಿ. ನಲ್ಲಿ ತಿರುಗಿಸಿ ನೀರು ಮುಟ್ಟಿ ನೋಡಿ, ಆಮೇಲೆ ಅಂಗಳಕ್ಕೆ ಬಂದು ಯಾರ ಕೈಯಲ್ಲಿ ಏನು ಕೆಲಸ ಇದೆ ಅಂತ ನೋಡಿ. ಸಾಧ್ಯವಾದರೆ ಕೆಳಗಿನ ಮಹಡಿಯ ರೂಮನ್ನೇ ಕೇಳಿ.