ಪಲ್ಸರ್ 150ರ ಹಿಂದಿನ ಗಾಲಿಗೆ ನೈಲೊಗ್ರಿಪ್ ಜ್ಯಾಪರ್

ಬಳ್ಳಾರಿ ಬಿಸಿಲಿಗೆ, ಸಂಡೂರು ಕಡೆ ಅದಿರಿನ ಲಾರಿ ಓಡಾಡುವ ರಸ್ತೆಗೆ ತಡೆಯುವ ಟೈರ್ ಬೇಕು ಅಂದರೆ ಎಂಆರ್‌ಎಫ್ ನೈಲೊಗ್ರಿಪ್ ಜ್ಯಾಪರ್ ಧೈರ್ಯವಾಗಿ ತಗೊಳ್ಳಿ. ನನ್ನ ಪಲ್ಸರ್‌ಗೆ ಅದನ್ನೇ ಹಾಕಿಸಿದ್ದೇನೆ. ಅಳತೆ 100/90-17, ಗಾಡಿಯ ಜೊತೆ ಬಂದದ್ದೇ. ಇನ್ನೂ ಅಗಲದ್ದು ಹಾಕಿಸು, ಚೆಂದ ಕಾಣುತ್ತದೆ ಅಂತ ಗೆಳೆಯರು ಹೇಳಿದರು. ಆ ರಿಮ್ಮಿಗೆ ಅದು ಸರಿಯಾಗಿ ಕೂರುವುದಿಲ್ಲ, ಮೈಲೇಜೂ ಇಳಿಯುತ್ತದೆ. ಬೇಡವೇ ಬೇಡ.

ಬೆಲೆ ಕೇಳುವ ಮೊದಲು ಟೈರಿನ ಪಕ್ಕದಲ್ಲಿ ಒತ್ತಿರುವ ತಯಾರಿಕೆಯ ನಾಲ್ಕು ಅಂಕಿ ನೋಡಿ. 1424 ಅಂತಿದ್ದರೆ 2024ರ 14ನೇ ವಾರದ ಮಾಲು. ಒಂದು ಅಂಗಡಿಯವರು ಮೂರು ವರ್ಷ ಹಳೆಯದನ್ನು "ಹೊಸ ಸ್ಟಾಕ್ ಸರ್" ಅಂತ ಕೊಡಲು ಬಂದರು. ಸುಮ್ನೆ ಇಟ್ಟರೂ ರಬ್ಬರು ಗಟ್ಟಿಯಾಗುತ್ತದೆ, ಅದರಲ್ಲೂ ನಮ್ಮೂರ ಸೆಕೆಯಲ್ಲಿ. ಅಂಥದ್ದಕ್ಕೆ ಪೂರ್ತಿ ದುಡ್ಡು ಯಾಕೆ ಕೊಡಬೇಕು, ಅಲ್ವಾ? ಬೇರೆ ಕಡೆ ಹೋಗಿ ತಾಜಾ ಟೈರ್ ತಂದೆ.

ಹೊಸಪೇಟೆ ರಸ್ತೆಯಲ್ಲಿ ಇಬ್ಬರು ಕೂತು ಹೋದರೂ ಬ್ರೇಕ್ ಹಿಡಿದಾಗ ಗಾಡಿ ಅಲುಗುವುದಿಲ್ಲ. ಆದರೆ ಮೊದಲ ಮಳೆಗೆ ಅದಿರಿನ ಧೂಳು ಕೆಸರಾದಾಗ ಇದೂ ಜಾರುತ್ತದೆ, ನಿಧಾನವಾಗಿಯೇ ಹೋಗಬೇಕು. ಗಾಳಿ ಒಬ್ಬರಿಗೆ 28 ಪಿಎಸ್‌ಐ, ಇಬ್ಬರಿಗೆ 32. ಟೈರ್ ತಣ್ಣಗಿರುವಾಗ, ಅಂದರೆ ಬೆಳಿಗ್ಗೆಯೇ ಹಿಡಿಸಿ.

ಇನ್ನೊಂದು ಮಾತು. ಟೈರಿನ ಮೇಲಿನ ಬಾಣದ ಗುರುತು ಗಾಲಿ ಮುಂದಕ್ಕೆ ತಿರುಗುವ ದಿಕ್ಕಿಗೇ ಇದೆಯಾ ಅಂತ, ಫಿಟ್ಟಿಂಗ್ ಮುಗಿಯುವ ಮೊದಲೇ ನಿಂತು ನೋಡಿ.